ಮುಸ್ಯೆಯ ಸಹಿಯಲ್ಲಿ ಒಂದು ಅರ್ಕಾವತ್ತು

ಹೆಬ್ಬೆಟ್ಟು ಒಂದನ್ನು ಬಿಟ್ಟರೆ ದೋಹಾದ ನಮ್ಮ ಕಂಪನಿಯಲ್ಲಿ ನಾನು ನಕಲು ಮಾಡಲಾಗದ ಗುರುತು ಯಾವುದೂ ಇರಲಿಲ್ಲ. ಮುದುಕ ಜಂಬ ಕೊಚ್ಚುತ್ತಿದ್ದಾನೆ ಎಂದು ನೀವು ಅಂದುಕೊಂಡರೆ ನಿಮ್ಮ ಅಂದಾಜು ಸರಿಯಾಗಿದೆ. ಜನರಲ್ ಮ್ಯಾನೇಜರ್ ಸಹಿಯಲ್ಲಿ ಮೆಸ್ಸಿಗೆ ಒಂದು ಚೀಟಿ ಕಳಿಸಿ, ದಿನಾ ಬೇಳೆಸಾರು ಕುಡಿಯುತ್ತಿದ್ದ ಇಡೀ ಕ್ಯಾಂಪಿಗೆ ಒಂದು ಮಂಗಳವಾರ ಮಟನ್ ಬಿರಿಯಾನಿ ಹಾಕಿಸಿದವನು ನಾನು. ಅವತ್ತು ಆ ಜನರಲ್ ಮ್ಯಾನೇಜರೇ ಮೆಸ್ಸಿಗೆ ಬಂದು, ಎರಡು ಸಲ ಬಡಿಸಿಕೊಂಡು ತಿಂದು, ಇದು ಯಾರ ಏರ್ಪಾಡು ಎಂದು ಕೇಳಿದರು. ‘ನಿಮ್ಮದೇ ಸಾರ್’ ಎಂದೆ. ಹೌದೆಂದು ನಂಬಿಯೇ ಹೋದರು.

ಹೆಬ್ಬೆಟ್ಟು ಒತ್ತುವವರನ್ನು ಕಂಡರೆ ನನಗೆ ತಮಾಷೆ. ಮಸಿ ಡಬ್ಬಿ ಮುಂದಿಟ್ಟು, ‘ಏನು ಸ್ವಾಮಿ, ನಿಮ್ಮ ಆಟೋಗ್ರಾಫ್’ ಎನ್ನುತ್ತಿದ್ದೆ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಎಚ್.ಆರ್. ಮ್ಯಾನೇಜರ್ ಕರೆದರು. ಮೈಸೂರಿನವರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ನನ್ನಂಥ ವಯಸ್ಸಾದವನ ವೀಸಾ ವರ್ಷ ವರ್ಷ ನವೀಕರಣವಾಗುವುದು ಅವರ ಒಂದು ಪತ್ರದಿಂದ. ಹಾಗಾಗಿ ಅವರನ್ನು ನಾನು ಮಿತವಾಗಿಯೇ ಗೋಳು ಹೊಯ್ದುಕೊಳ್ಳುತ್ತಿದ್ದೆ. ಟೈಮ್‌ಕೀಪರ್ ಆಗಿದ್ದ ನನ್ನನ್ನು ವಯಸ್ಸಾದ ಮೇಲೆ ಹಳೆಯ ಕಾಗದಪತ್ರಗಳ ಜೊತೆ ಸ್ಟೋರಿಗೆ ಹಾಕಿದ್ದರು. ದಾಖಲೆಗಳ ಉಸ್ತುವಾರಿ ನನ್ನದು.

‘ಬನ್ನಿ ಅಂಕಲ್, ಕೂತ್ಕೊಳಿ. ಇವರು ಫ್ರಾನ್ಸಿಂದ ಬಂದಿದಾರೆ. ಪೊಲೀಸು.’

ಎದುರು ಕೂತಿದ್ದವಳು ಐವತ್ತರ ಆಸುಪಾಸಿನ ಹೆಂಗಸು. ಮೋಟು ಕೂದಲು, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ. ಬಗೆಹರಿಯದ ಹಳೆಯ ಕೊಲೆಗಳನ್ನು ಮಾತ್ರ ನೋಡುವ ವಿಭಾಗದವಳು. ಇಲ್ಲಿನ ಸರ್ಕಾರದ ಅನುಮತಿ ಪತ್ರ ಮೇಜಿನ ಮೇಲಿತ್ತು. ಒಳ್ಳೆಯ ಇಂಗ್ಲಿಷಿನಲ್ಲಿ, ಒಂದೂ ಹೆಚ್ಚಿನ ಮಾತಿಲ್ಲದೆ ವಿಷಯ ಹೇಳಿದಳು.

ಮೂವತ್ತು ವರ್ಷದ ಹಿಂದೆ, ಅವರ ದೇಶದ ಒಂದೇ ಪಟ್ಟಣದಲ್ಲಿ, ಎರಡು ವರ್ಷದೊಳಗೆ ಮೂವರು ಹುಡುಗಿಯರ ಕೊಲೆಯಾಗಿತ್ತು. ಮೂವರನ್ನೂ ಒಂದೇ ತರಹದ ಹಗ್ಗದಿಂದ ಕೊಂದಿದ್ದರು. ಹಗ್ಗದ ತುಂಡುಗಳನ್ನು ಯಾರೋ ಪುಣ್ಯಾತ್ಮ ಪ್ಲಾಸ್ಟಿಕ್ಕಿಗೆ ಹಾಕದೆ ಕಾಗದದ ಲಕೋಟೆಯಲ್ಲಿ ಇಟ್ಟಿದ್ದ. ಅದರಿಂದಾಗಿ ಅವು ಬೂಸ್ಟು ಹಿಡಿದಿರಲಿಲ್ಲ. ಈಗ ಹೊಸದಾಗಿ ಪರೀಕ್ಷೆ ಮಾಡಿದಾಗ ಒಂದು ತುಂಡಿನಲ್ಲಿ ಸಿಕ್ಕಿದ ಡಿಎನ್ಎ ಒಬ್ಬ ಮುದುಕನಿಗೆ ಹೊಂದಿತು. ಮುದುಕ ಹೇಳಿದ: ಹಗ್ಗ ನಮ್ಮ ಮನೆಯ ಶೆಡ್ಡಿನದ್ದು, ಯಾರು ಬೇಕಾದರೂ ಒಯ್ದಿರಬಹುದು, ಆ ದಿನಗಳಲ್ಲಿ ನಾನು ದೋಹಾದಲ್ಲಿ ಕೆಲಸ ಮಾಡುತ್ತಿದ್ದೆ. ಆ ಕಾಲದ ಪಾಸ್‌ಪೋರ್ಟ್ ಕಳೆದುಹೋಗಿದೆಯಂತೆ. ವಿಮಾನದ ಪಟ್ಟಿಗಳನ್ನು ಇಷ್ಟು ವರ್ಷ ಯಾರೂ ಇಟ್ಟುಕೊಂಡಿಲ್ಲ. ಎರಡನೆಯ ಕೊಲೆಯ ನಂತರ ಅವನನ್ನು ಒಮ್ಮೆ ವಿಚಾರಿಸಿದ್ದರಂತೆ. ಆಗ ನಮ್ಮ ಕಂಪನಿ, ಈ ಮನುಷ್ಯ ಆ ದಿನ ಸೈಟಿನಲ್ಲಿದ್ದ ಎಂದು ಸರ್ಟಿಫಿಕೇಟು ಕೊಟ್ಟಿತ್ತು. ಬಿಟ್ಟುಬಿಟ್ಟರು.

‘ಮೂಲ ಟೈಮ್‌ಶೀಟುಗಳು ಬೇಕು,’ ಎಂದಳು. ‘ಅವು ಅಸಲಿಯಾದರೆ ಮೂರು ಕೇಸೂ ಮುಗಿದ ಹಾಗೆ.’

ಅವನ ಹೆಸರು ಹೇಳಿದಳು. ಯಾರೆಂದು ಆ ಕ್ಷಣವೇ ನನಗೆ ಗೊತ್ತಾಯಿತು. ಮುಖದಲ್ಲಿ ಏನೂ ಕಾಣಿಸಲಿಲ್ಲ. ಅದೂ ನನ್ನದೊಂದು ವಿದ್ಯೆ.

ಅವನನ್ನು ನಾವೆಲ್ಲ ಮುಸ್ಯೆ ಎನ್ನುತ್ತಿದ್ದೆವು, ಫ್ರೆಂಚರ ‘ಸಾಹೇಬ’. ದುಖಾನ್ ರಸ್ತೆಯ ಸೈಟಿನಲ್ಲಿ ಕಂಪ್ರೆಸರ್ ತಜ್ಞ. ಯಂತ್ರ ಕೆಟ್ಟರೆ ಮಾತ್ರ ಕೆಲಸ, ಕೆಡದಿದ್ದರೆ ಶನಿವಾರದಿಂದ ಗುರುವಾರದವರೆಗೆ ಬೆಳಿಗ್ಗೆ ಒಂದು ಸಹಿ, ಸಂಜೆ ಒಂದು ಸಹಿ. ಅಷ್ಟಕ್ಕೇ ಸಂಬಳ. ಒಂದು ದಿನ ಮೆಸ್ಸಿನಲ್ಲಿ ನಾನು ಅವನ ಸಹಿಯನ್ನು ಕಾಗದದ ಕರವಸ್ತ್ರದ ಮೇಲೆ ಬರೆದು, ‘ಮುಸ್ಯೆ ನನಗೆ ಇಡೀ ಫ್ರಾನ್ಸ್ ಬರೆದುಕೊಟ್ಟಿದ್ದಾನೆ’ ಎಂದು ಎಲ್ಲರಿಗೂ ತೋರಿಸುತ್ತಿದ್ದೆ. ಅವನು ಹಿಂದೆಯೇ ನಿಂತಿದ್ದ. ಬೈಯಲಿಲ್ಲ. ಕರವಸ್ತ್ರವನ್ನು ಬೆಳಕಿಗೆ ಹಿಡಿದು ನೋಡಿದ, ನಕ್ಕ, ನನ್ನ ಬೆನ್ನು ತಟ್ಟಿ ‘ಕ್ಲೌನ್’ ಎಂದ. ಎರಡು ವಾರ ಬಿಟ್ಟು ಸೈಟಾಫೀಸಿಗೆ ಬಂದು, ಮೂರು ದಿನ ಮೀನು ಹಿಡಿಯಲು ಸಮುದ್ರಕ್ಕೆ ಹೋಗುತ್ತೇನೆ, ನನ್ನ ಸಹಿ ನೀನೇ ಹಾಕುತ್ತೀಯಾ ಎಂದ.

ಹಾಕಿದೆ. ಆಮೇಲೂ ಅವನು ಕೇಳಿದಾಗಲೆಲ್ಲ ಹಾಕಿದೆ. ಲಂಚಕ್ಕಲ್ಲ, ಹೆದರಿಕೆಗೂ ಅಲ್ಲ. ನನ್ನ ಕೈಚಳಕ ಕಂಡು ಒಬ್ಬ ಬಿಳಿಯ ಬಂದು ಕೇಳಿದನಲ್ಲ, ಆ ಸಂತೋಷಕ್ಕೆ.

ದಾಖಲೆ ಹುಡುಕಲು ಎರಡೂವರೆ ದಿನ ಹಿಡಿಯಿತು. ನಮ್ಮ ಸ್ಟೋರು ಬರ್ವಾ ಅಲ್ ಬರಾಹಾ ಕಾರ್ಮಿಕ ವಸತಿಯ ಹಿಂಭಾಗದಲ್ಲಿ, ತಗಡಿನ ಶೆಡ್ಡು. ಪೆಟ್ಟಿಗೆಗಳಿಗೆ ಹೆಸರು ಬರೆದವನು ನಾನೇ. ಆಡಿಟಿನವರು ಮುಟ್ಟದಿರಲಿ ಎಂದು ಕನ್ನಡದಲ್ಲಿ, ಬಾಯಿಗೆ ಬಂದದ್ದನ್ನು ಬರೆದಿದ್ದೆ. ಮ್ಯಾನೇಜರು ಮೊದಲ ಸಾಲಿನಲ್ಲೇ ನಿಂತುಬಿಟ್ಟರು.

‘ಏನ್ ಅಂಕಲ್ ಇದು? ಒಣ ಬಂಗುಡೆ... ಅತ್ತೆಯ ಕೋಪ... ಚಪ್ಪಲಿ ಎಡದ್ದು...’

‘ಕೋಡ್ ವರ್ಡ್ ಸಾರ್.’

‘ಚಪ್ಪಲಿ ಎಡದ್ದು ಅಂದ್ರೆ?’

‘ಸೈಟ್ ನಂಬರ್ ಎರಡು. ಬಲದ್ದು ಅಂದ್ರೆ ಒಂದು. ಸುಲಭ ಅಲ್ವಾ ಮಾರಾಯ್ರೆ?’

ಫ್ರೆಂಚ್ ಅಧಿಕಾರಿಣಿ ಏನು ಬರೆದಿದೆ ಎಂದು ಕೇಳಿದಳು. ಮ್ಯಾನೇಜರು ಅನುವಾದ ಮಾಡಲು ಹೋಗಿ, ಅರ್ಧಕ್ಕೆ ನಿಲ್ಲಿಸಿ, ‘ಇಟ್ ಈಸ್ ಎ ಸಿಸ್ಟಮ್’ ಎಂದರು.

ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ಎರಡೂವರೆ ದಿನ ಹಿಡಿದದ್ದು ನಾನು ಬೇಕೆಂದೇ ತಡಮಾಡಿದ್ದರಿಂದ. ಮುಸ್ಯೆಯ ಹಾಳೆಗಳಿದ್ದ ‘ಒಣ ಬಂಗುಡೆ’ ಎಲ್ಲಿದೆ ಎಂದು ಮೊದಲ ದಿನವೇ ನನಗೆ ಗೊತ್ತಿತ್ತು. ಅದನ್ನು ಗೆದ್ದಲು ತಿಂದಿರಲಿ, ನೀರು ಬಿದ್ದು ಮುದ್ದೆಯಾಗಿರಲಿ ಎಂದು ಆಸೆ. ಊರಿನ ಗೆದ್ದಲಾಗಿದ್ದರೆ ಉಪಕಾರ ಮಾಡುತ್ತಿತ್ತು. ಇಲ್ಲಿನ ಒಣ ಹವೆಯಲ್ಲಿ ಮೂವತ್ತು ವರ್ಷದ ಕಾಗದ ಹಪ್ಪಳದ ಹಾಗೆ ಗರಿಗರಿಯಾಗಿತ್ತು. ಒಂದು ಹಾಳೆಯೂ ಹರಿದಿರಲಿಲ್ಲ.

ಆಮೇಲೆ ಅವಳ ಕೆಲಸ ಶುರುವಾಯಿತು. ನಾನು ಬಹಳ ಜನರ ಕೆಲಸ ನೋಡಿ ನಕ್ಕವನು, ಅವಳದನ್ನು ನೋಡಿ ನಗು ಬರಲಿಲ್ಲ. ಕೈಗವಸು ಹಾಕಿ, ಒಂದೊಂದೇ ಹಾಳೆಯನ್ನು ಮೂಲೆಯಲ್ಲಿ ಹಿಡಿದು ಎತ್ತಿ, ಎರಡೂ ಮಗ್ಗುಲು ಫೋಟೋ ತೆಗೆದು, ನಂಬರ್ ಚೀಟಿ ಹಚ್ಚಿ ಲಕೋಟೆಗೆ ಹಾಕುವಳು. ವಾರಕ್ಕೊಂದು ಹಾಳೆ, ಎರಡು ವರ್ಷಕ್ಕೆ ನೂರನಾಲ್ಕು. ಪ್ರತಿ ಹಾಳೆಗೂ ಕೆಳಗೆ ಕಾರ್ಬನ್ ಪ್ರತಿಗಳಿದ್ದವು. ನಡುವಿನದ್ದು ಕ್ಲೈಂಟಿಗೆ ಹೋಗಿತ್ತು. ಮೇಲಿನ ಬಿಳಿ, ಕೆಳಗಿನ ಹಳದಿ ನಮ್ಮಲ್ಲೇ ಉಳಿದಿದ್ದವು. ಕಾಗದ ಆ ಕಾಲದ್ದೇ, ಶಾಯಿ ಆ ಕಾಲದ್ದೇ. ಮೂರನೆಯ ದಿನ ಸಂಜೆ ಅವಳು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡಳು. ಎಲ್ಲವೂ ಅಸಲಿ.

‘ನಾಳೆ ನೀವು ಒಂದು ಹೇಳಿಕೆಗೆ ಸಹಿ ಹಾಕಬೇಕು,’ ಎಂದು ನನಗೆ ಹೇಳಿದಳು. ‘ಈ ದಾಖಲೆಗಳು ನಿಮ್ಮ ಉಸ್ತುವಾರಿಯಲ್ಲಿದ್ದವು, ಇದರಲ್ಲಿರುವುದು ನಿಜ, ಅಂತ. ಅದನ್ನು ತಗೊಂಡು ನಾನು ಹೋಗುತ್ತೇನೆ.’

‘ಆಮೇಲೆ ಅವನು?’

‘ಮನೆಗೆ.’

ಸಹಿ ಹಾಕಿದರೆ ಮುಸ್ಯೆ ಮನೆಗೆ, ನಾನು ಇನ್ನೊಂದು ವರ್ಷ ಇಲ್ಲಿ. ಹಾಕದೆ ನಿಜ ಹೇಳಿದರೆ ನಾನು ಸುಳ್ಳು ಸಹಿಯ ಅಪರಾಧಿ, ಅದೂ ಈ ದೇಶದಲ್ಲಿ, ಈ ವಯಸ್ಸಿನಲ್ಲಿ. ಲೆಕ್ಕ ಇಷ್ಟೇ. ಬಿಡಿಸಲು ಕಷ್ಟವೇನಿಲ್ಲ.

ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲಾಟಿಗೆ ಬಂದಾಗ ಹೆಂಡತಿ ನನ್ನ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಪಕ್ಕದಲ್ಲಿ ಅವಳ ಸೂಜಿ ನೂಲಿನ ತಗಡಿನ ಡಬ್ಬಿ. ಮುಚ್ಚಳದ ಮೇಲೆ ಹಂಸ, ಹಂಸದ ಕೆಳಗೆ ಬಂಗಾರದ ಅಕ್ಷರ. ಮುಸ್ಯೆ ಕೊಟ್ಟ ಚಾಕಲೇಟಿನ ಡಬ್ಬಿ, ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ಅವತ್ತು ಮೊದಲ ಸಲ ಓದಿದೆ. ಚಾಕಲೇಟು ಅಂಗಡಿಯ ಹೆಸರು, ಅದರ ಕೆಳಗೆ ಊರಿನ ಹೆಸರು. ಮೂರು ದಿನದಿಂದ ಆ ಅಧಿಕಾರಿಣಿ ಹೇಳುತ್ತಿದ್ದ ಅದೇ ಊರು.

ಹೆಂಡತಿಗೆ ಎಲ್ಲ ಹೇಳಿದೆ.

‘ಮೀನು ಹಿಡಿಲಿಕ್ಕೆ ಹೋದವ ಚಾಕಲೇಟು ತರ್ತಿದ್ದದ್ದು ನಿಮಗೆ ಎಂತ ಅನಿಸ್ಲಿಲ್ವಾ?’

‘ರಜೆಗೆ ಊರಿಗೆ ಬಂದಾಗಲೆಲ್ಲ ತಂದು ಕೊಟ್ಟೆನಲ್ಲ, ನಿನಗೆ ಅನಿಸಿತಾ?’

‘ನಾನು ತಿಂದದ್ದು,’ ಎಂದಳು. ‘ಸಹಿ ಹಾಕಿದ್ದು ನೀವು.’

ಹಲ್ಲಿನಿಂದ ನೂಲು ಕಡಿದಳು. ಸ್ವಲ್ಪ ಹೊತ್ತಿಗೆ ಗುಂಡಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಡಬ್ಬಿಯನ್ನು ಒರೆಸಿ, ನನ್ನ ಊಟದ ಬುತ್ತಿಯ ಪಕ್ಕ ಇಟ್ಟಳು. ಇಪ್ಪತ್ತು ವರ್ಷದಿಂದ ಪಾದ್ರಿಗಳ ಹತ್ತಿರ ಪಾಪನಿವೇದನೆಗೆ ಹೋಗೆಂದು ಗೋಗರೆದವಳು ಅವತ್ತು ಅದರ ಸುದ್ದಿ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಹೇಳಿಕೆ ಟೈಪಾಗಿ ಮೇಜಿನ ಮೇಲಿತ್ತು. ಪೆನ್ನಿನ ಮುಚ್ಚಳ ತೆಗೆದಿಟ್ಟಿದ್ದರು.

‘ಸಾರ್, ಇದ್ರಲ್ಲಿ ಕೆಲವು ಸಹಿ ನನ್ನದು,’ ಎಂದೆ.

ಮ್ಯಾನೇಜರು ತಲೆ ಎತ್ತಲಿಲ್ಲ. ‘ಅಂಕಲ್, ಇವತ್ತು ಬೇಡ ನಿಮ್ ತಮಾಷೆ. ಅವ್ರಿಗೆ ಮಧ್ಯಾಹ್ನ ಫ್ಲೈಟ್ ಇದೆ.’

‘ತಮಾಷೆ ಅಲ್ಲ. ಮುಸ್ಯೆಯ ಸಹಿ ನಾನು ಹಾಕಿದ್ದೇನೆ.’

‘ಹೋದ್ ಯುಗಾದೀಲಿ ನಂಗೆ ಸುಳ್ಳು ಟ್ರಾನ್ಸ್‌ಫರ್ ಆರ್ಡರ್ ಕೊಟ್ರಲ್ಲ, ಅವಾಗ್ಲೂ ಹಿಂಗೇ ಮುಖ ಮಾಡ್ಕೊಂಡಿದ್ರಿ. ನಮ್ಮನೆಯೋರು ಅರ್ಧ ಸಾಮಾನು ಪ್ಯಾಕ್ ಮಾಡಿದ್ರು, ನೆನಪಿದ್ಯಾ? ಸೈನ್ ಮಾಡಿ, ಯಲ್ಲಾ, ಬೇಗ.’

ಒಂದು ಜೀವಮಾನವಿಡೀ ಸುಳ್ಳನ್ನು ನಂಬಿಸಿದವನು ನಾನು. ನಿಜವೊಂದನ್ನು ನಂಬಿಸಲು ನನ್ನ ಹತ್ತಿರ ಉಪಾಯವಿರಲಿಲ್ಲ. ಅಧಿಕಾರಿಣಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಪ್ರತಿ ದೊಡ್ಡ ಕೇಸಿನಲ್ಲೂ ‘ನಾನೇ ಮಾಡಿದ್ದು’ ಎಂದು ಬರುವ ಮುದುಕರು ಇರುತ್ತಾರೆ ಎಂದಳು. ಅವಳ ಪೆನ್ನು ತೆಗೆದುಕೊಂಡು, ಹೇಳಿಕೆಯ ಹಿಂಬದಿಯಲ್ಲಿ ಮುಸ್ಯೆಯ ಸಹಿ ಮಾಡಿದೆ. ಐದು ಸಲ. ಐದನೆಯದನ್ನು ಕಿಟಕಿಯ ಕಡೆ ನೋಡುತ್ತಾ ಮಾಡಿದೆ. ಅದು ಬೇಕಿರಲಿಲ್ಲ. ಚಟ.

ಮ್ಯಾನೇಜರು ‘ಅಯ್ಯೋ’ ಎಂದರು. ಅವಳು ಅಲ್ಲಾಡಲಿಲ್ಲ.

‘ನಿಮಗೆ ಬರುತ್ತದೆ ಅನ್ನುವುದು ಇದರಿಂದ ಗೊತ್ತಾಯಿತು. ಅವತ್ತು ನೀವೇ ಹಾಕಿದ್ದು ಅನ್ನುವುದು ಗೊತ್ತಾಗಲಿಲ್ಲ. ಯಾವುದು ನಿಮ್ಮದು, ಯಾವುದು ಅವನದು, ಹೇಗೆ ಹೇಳುತ್ತೀರಿ?’

ಇದಕ್ಕೆ ನನ್ನಲ್ಲಿ ಉತ್ತರವಿತ್ತು. ಮೂವತ್ತು ವರ್ಷದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದ ಉತ್ತರ. ಚಿತ್ರ ಬರೆದವನು ಮೂಲೆಯಲ್ಲಿ ತನ್ನ ಹೆಸರು ಹಾಕುತ್ತಾನೆ. ನಾನೂ ಹಾಕಿದ್ದೆ. ಮುಸ್ಯೆಯ ಸಹಿಯ ಕೊನೆಯಲ್ಲಿ ಒಂದು ಕೊಕ್ಕೆ ಬರುತ್ತಿತ್ತು, ಗಾಳದ ಹಾಗೆ, ಬಾಯಿ ತೆರೆದು. ನಾನು ಹಾಕುವಾಗ ಅದನ್ನು ಅರ್ಕಾವತ್ತು ಮಾಡುತ್ತಿದ್ದೆ. ಕನ್ನಡ ಬಲ್ಲವರಿಗೆ ವಿವರಿಸಬೇಕಿಲ್ಲ; ಸೂರ್ಯ ಎಂದು ಬರೆಯುವಾಗ ಕೊನೆಗೆ ಬರುತ್ತದಲ್ಲ, ಕನ್ನಡದ ಒಂಬತ್ತರಂತೆ, ಅದು. ನನ್ನ ಹೆಸರಿನಲ್ಲಿ ಎರಡು ಅರ್ಕಾವತ್ತಿವೆ. ಅದನ್ನು ತಪ್ಪು ಜಾಗದಲ್ಲಿ ಹಾಕಿದ್ದಕ್ಕೆ ಶಾಲೆಯಲ್ಲಿ ಮಾಸ್ಟ್ರು ಕೈಗಂಟಿಗೆ ಹೊಡೆದದ್ದು ಇನ್ನೂ ನೆನಪಿದೆ. ದೊಡ್ಡವನಾದ ಮೇಲೆ ಬೇಕೆಂದೇ ತಪ್ಪು ಜಾಗದಲ್ಲಿ ಹಾಕಿದೆ.

ಅವಳಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಅವಳು ಎದ್ದು ಹೋಗಿ ಫೋನು ಮಾಡಿ ಬಂದಳು. ಫ್ಲೈಟು ಮುಂದಕ್ಕೆ ಹೋಯಿತು.

ಅವಳು ಒಡ್ಡಿದ ಪರೀಕ್ಷೆ ಹೀಗಿತ್ತು. ಕೊಲೆಗಳು ನಡೆದ ದಿನಾಂಕಗಳನ್ನು ಅವಳು ನಮಗಿಬ್ಬರಿಗೂ ಒಮ್ಮೆಯೂ ಹೇಳಿರಲಿಲ್ಲ. ಮ್ಯಾನೇಜರಿಗೂ ಇಲ್ಲ, ನನಗೂ ಇಲ್ಲ. ಆ ದಿನಾಂಕಗಳ ಚೀಟಿಯನ್ನು ಒಂದು ಲಕೋಟೆಗೆ ಹಾಕಿ, ಅಂಟಿಸಿ, ಮ್ಯಾನೇಜರ ಕೈಗೆ ಕೊಟ್ಟಳು. ನೂರನಾಲ್ಕು ಹಾಳೆಗಳ ದಿನಾಂಕದ ಸಾಲಿಗೆ ಕಪ್ಪು ಪಟ್ಟಿ ಅಂಟಿಸಿ, ಇಸ್ಪೀಟಿನ ಎಲೆಯಂತೆ ಕಲಸಿ, ನನ್ನ ಮುಂದಿಟ್ಟಳು. ಒಂದು ಭೂತಗನ್ನಡಿ. ‘ನಿಮ್ಮದನ್ನು ಆರಿಸಿ.’

ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದ ನಮಾಜಿನ ಕೂಗು ಮುಗಿಯುವವರೆಗೆ ಆರಿಸಿದೆ. ಒಂದು ಹಾಳೆಯಲ್ಲಿ ಹನ್ನೆರಡು ಸಹಿ. ತೆರೆದ ಬಾಯಿ, ತೆರೆದ ಬಾಯಿ, ತೆರೆದ ಬಾಯಿ. ಆಮೇಲೆ ಒಮ್ಮೆಗೇ ಅರ್ಕಾವತ್ತು, ಮುದ್ದಾಗಿ, ಕಾಪಿ ಪುಸ್ತಕದಲ್ಲಿ ಬರೆದ ಹಾಗೆ. ಎರಡು ಕಡೆ ಅನುಮಾನ ಬಂತು. ಅವನ್ನು ಬೇರೆ ಇಟ್ಟು, ಮತ್ತೆ ನೋಡಿ ಬಿಟ್ಟೆ. ಒಂದು ಕಡೆ ಶಾಯಿ ಹರಡಿ ಕೊಕ್ಕೆ ಮುಚ್ಚಿತ್ತು. ಅದು ನನ್ನದಲ್ಲ ಎಂದು ವಾಪಸು ಹಾಕಿದೆ. ಕೊನೆಗೆ ಹನ್ನೊಂದು ಹಾಳೆ ಉಳಿದವು.

ಅವಳು ಹಳದಿ ಪ್ರತಿಗಳನ್ನು ತೆಗೆದಳು. ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಮುಸ್ಯೆ ಹಗುರವಾಗಿ ಬರೆಯುವವನು. ಅವನ ಸಹಿ ಕಾರ್ಬನ್ ದಾಟಿ ಕೆಳಗೆ ಬರುವಾಗ ಹೊಗೆಯಂತೆ ಮಸುಕು. ನಾನು ಟೈಮ್‌ಕೀಪರ್, ಮೂರು ಪ್ರತಿ ಮೂಡಲೆಂದು ಒತ್ತಿ ಬರೆದು ಅಭ್ಯಾಸ. ನಾನು ಆರಿಸಿದ ಹನ್ನೊಂದು ಹಾಳೆಗಳಲ್ಲೂ ಅರ್ಕಾವತ್ತಿನ ಸಹಿಗಳು ಕೆಳಗಿನ ಹಳದಿ ಕಾಗದದಲ್ಲಿ ಕಡುನೀಲಿ. ಅವಳು ಟಾರ್ಚನ್ನು ಓರೆಯಾಗಿ ಹಿಡಿದಾಗ ಕಾಗದದ ಹಿಂಬದಿಯಲ್ಲಿ ಉಬ್ಬು ಎದ್ದು ಕಂಡಿತು. ಉಳಿದ ತೊಂಬತ್ತಮೂರರಲ್ಲಿ ಒಂದರಲ್ಲೂ ಹಾಗಿರಲಿಲ್ಲ.

ಆಮೇಲೆ ಲಕೋಟೆ ಒಡೆಸಿದಳು. ಮ್ಯಾನೇಜರು ದಿನಾಂಕ ಓದಿದರು, ಅವಳು ಕಪ್ಪು ಪಟ್ಟಿ ಎತ್ತಿದಳು. ಮೊದಲನೆಯದು ನನ್ನ ಹನ್ನೊಂದರಲ್ಲಿ ಇತ್ತು. ಎರಡನೆಯದು ಇತ್ತು. ಮೂರನೆಯದು ಇತ್ತು.

‘ಗೆದ್ರಿ ಅಂಕಲ್!’ ಎಂದು ಮ್ಯಾನೇಜರ ಬಾಯಿಂದ ಬಂದುಬಿಟ್ಟಿತು. ನಾನೂ ಒಂದು ಕ್ಷಣ ಕಾಲರ್ ಸರಿಮಾಡಿಕೊಂಡೆ. ಸುಳ್ಳು ಹೇಳುವುದಿಲ್ಲ, ಮಾಡಿಕೊಂಡೆ.

ಅವಳು ಹನ್ನೊಂದು ಹಾಳೆಗಳನ್ನು ದಿನಾಂಕದ ಪ್ರಕಾರ ಸಾಲಾಗಿ ಇಟ್ಟಳು. ಫೈಲಿನಿಂದ ಹಳೆಯ ಸರ್ಟಿಫಿಕೇಟಿನ ಪ್ರತಿ ತೆಗೆದು, ಅದರ ದಿನಾಂಕ ನೋಡಿ, ಏಳನೆಯ ಮತ್ತು ಎಂಟನೆಯ ಹಾಳೆಗಳ ನಡುವೆ ಇಟ್ಟಳು. ‘ನಮ್ಮ ದಾಖಲೆಯ ಪ್ರಕಾರ ಸದರಿ ನೌಕರರು ಪೂರ್ಣ ಹಾಜರಿದ್ದರು.’ ಆ ವಾಕ್ಯ ಟೈಪ್ ಮಾಡಿದವನು ನಾನು. ಯಾವುದೋ ಇನ್ಶೂರೆನ್ಸಿಗೆ ಬೇಕಂತೆ ಎಂದು ಮುಸ್ಯೆ ಹೇಳಿದ್ದ. ಜನರಲ್ ಮ್ಯಾನೇಜರ್ ಸಹಿ ಮಾತ್ರ ಆ ಸಲ ಅವರದ್ದೇ.

ಮೊದಲ ಹುಡುಗಿ ಸರ್ಟಿಫಿಕೇಟಿನ ಎಡಗಡೆ. ಎರಡನೆಯವಳು ಎಡಗಡೆ.

‘ಮೂರನೆಯವಳು?’ ಎಂದು ಕೇಳಿದೆ.

ಅವಳು ಒಂಬತ್ತನೆಯ ಹಾಳೆಯ ಮೇಲೆ ಬೆರಳಿಟ್ಟಳು. ಬಲಗಡೆ. ನನ್ನ ಸರ್ಟಿಫಿಕೇಟಿನ ಮೇಲೆ ಅವನನ್ನು ಬಿಟ್ಟ ನಂತರ.

ಮ್ಯಾನೇಜರು ಚಹಾ ತರಿಸುತ್ತೇನೆಂದು ಎದ್ದು ಹೊರಗೆ ಹೋದರು. ಆ ವಾರದ ಸಹಿಗಳನ್ನು ನಾನು ಇನ್ನೊಮ್ಮೆ ನೋಡಿದೆ. ಹನ್ನೆರಡಕ್ಕೆ ಹನ್ನೆರಡೂ ನನ್ನವು. ಹನ್ನೊಂದು ವಾರಗಳಲ್ಲಿ ಅತ್ಯಂತ ಚೆಂದ ಬಂದ ಅರ್ಕಾವತ್ತು ಆ ವಾರದ್ದು. ಊರಿಗೆಲ್ಲ ಟೋಪಿ ಹಾಕಿದವನು ನಾನು. ನನಗೆ ಟೋಪಿ ಹಾಕಿದವನು ಅವನೊಬ್ಬ. ಅದು ನನ್ನ ತಲೆಯ ಮೇಲಿದೆ ಎಂದು ತಿಳಿಯಲು ಮೂವತ್ತು ವರ್ಷ ಹಿಡಿಯಿತು. ಬುತ್ತಿಯ ಚೀಲದಿಂದ ಹಂಸದ ಡಬ್ಬಿ ತೆಗೆದು ಅವಳ ಮುಂದಿಟ್ಟೆ. ಅವಳು ಮುಚ್ಚಳ ಓದಿ, ಹೊಸ ಕೈಗವಸು ಹಾಕಿಕೊಂಡಳು.

ಕಂಪನಿ ನನ್ನ ಮೇಲೆ ದೂರು ಕೊಡಲಿಲ್ಲ. ವೀಸಾ ನವೀಕರಣದ ಪತ್ರವನ್ನೂ ಕೊಡಲಿಲ್ಲ. ಖಲಾಸ್. ಇದು ಸರಿಯೇ. ಮ್ಯಾನೇಜರು ನನ್ನನ್ನು ಕರೆದು ಇದನ್ನು ಹೇಳುವಾಗ ಮೇಜಿನ ಮೇಲಿನ ಪಿನ್ನುಗಳನ್ನು ಸಾಲಾಗಿ ಜೋಡಿಸುತ್ತಿದ್ದರು.

‘ಈ ಆರ್ಡರಾದ್ರೂ ನಿಮ್ದೇ ತಮಾಷೆ ಆಗಿರ್ಬಾರ್ದಾ ಅನ್ಸತ್ತೆ ಅಂಕಲ್.’

‘ನಾನು ಮಾಡಿದ್ರೆ ನಿಮ್ಮ ಸಹಿ ಇದಕ್ಕಿಂತ ಚೆಂದ ಇರ್ತಿತ್ತು ಸಾರ್.’

ನಾವು ಊರಿಗೆ ಹೊರಡುವ ಮೊದಲೇ ಅವಳ ಇಮೇಲ್ ಬಂತು. ಹನ್ನೊಂದು ಹಾಳೆಗಳನ್ನು ಮುಂದಿಟ್ಟಾಗ ಮುಸ್ಯೆ ವಕೀಲನ ಕಡೆ ನೋಡಲಿಲ್ಲವಂತೆ. ಒಂದು ಸಹಿಯ ಕೊನೆಯ ಕೊಕ್ಕೆಯ ಮೇಲೆ ಉಗುರಿಟ್ಟು, ‘ಆ ಕ್ಲೌನ್ ಇನ್ನೂ ಬದುಕಿದ್ದಾನೆಯೇ?’ ಎಂದು ಕೇಳಿದನಂತೆ. ಎರಡು ದಿನ ಬಿಟ್ಟು ಮೂರನ್ನೂ ಒಪ್ಪಿಕೊಂಡ. ಸೈಟಿನಿಂದ ಗಡಿ ದಾಟಿ ಪಕ್ಕದ ದೇಶಕ್ಕೆ ಕಾರು, ಅಲ್ಲಿಂದ ವಿಮಾನ. ಇನ್ನೊಂದು ಪಾಸ್‌ಪೋರ್ಟು ಇತ್ತು. ಮೂರನೆಯ ಹುಡುಗಿಯ ತಾಯಿ ಇನ್ನೂ ಇದ್ದಾರೆ, ಅವರಿಗೆ ಮನೆಗೇ ಹೋಗಿ ತಿಳಿಸಿದೆ ಎಂದು ಕೊನೆಯ ಸಾಲು. ಅವರು ಏನೆಂದರು ಎಂದು ಬರೆದಿರಲಿಲ್ಲ. ನಾನೂ ಕೇಳಲಿಲ್ಲ.

ನ್ಯಾಯಾಲಯಕ್ಕೆ ನನ್ನ ಹೇಳಿಕೆಯನ್ನು ಇಲ್ಲಿನ ಅಧಿಕಾರಿಯ ಎದುರು ಬರೆದುಕೊಡಬೇಕಿತ್ತು. ಹೋದೆ. ನಾಲ್ಕು ಪುಟ ಓದಿ ಹೇಳಿದರು, ಸರಿ ಎಂದೆ. ಕೊನೆಯ ಪುಟದ ಕೆಳಗೆ ನನ್ನ ಸಹಿ ಮಾಡಬೇಕು. ಮಾಡಿದೆ. ಕೌಂಟರಿನವನು ನನ್ನ ಐಡಿ ಕಾರ್ಡಿನ ಪಕ್ಕ ಹಿಡಿದು ನೋಡಿ, ಹೊಂದುವುದಿಲ್ಲ ಎಂದ. ಇನ್ನೊಂದು ಪ್ರತಿ ತಂದ. ಮತ್ತೆ ಮಾಡಿದೆ. ಮೊದಲ ಅರ್ಕಾವತ್ತಿಗೆ ಬರುವಾಗ ಕೈ ನಿಲ್ಲುತ್ತಿತ್ತು. ದಾಟಿಸಿದರೆ ಬೇರೆ ಯಾರದೋ ಸಹಿಯ ಹಾಗೆ ಕಾಣುತ್ತಿತ್ತು. ಮೂರನೆಯ ಸಲವೂ ಅದೇ.

‘ಮಾಫಿ ಮುಷ್ಕಿಲ್, ಬಾಬಾ,’ ತೊಂದರೆಯಿಲ್ಲ ಎಂದು ಅವನು ಮಸಿಯ ಡಬ್ಬಿಯನ್ನು ನನ್ನ ಕಡೆ ತಳ್ಳಿದ. ‘ಬಸ್ಮಾ.’ ಬೆರಳಚ್ಚು. ನನ್ನ ಹೆಬ್ಬೆರಳನ್ನು ಅವನೇ ಹಿಡಿದು ಒತ್ತಿಸಿದ.

ಮನೆಗೆ ಬಂದು ಎರಡು ಸಲ ಸೋಪು ಹಾಕಿ ತೊಳೆದೆ. ಹೋಗಲಿಲ್ಲ. ಊಟಕ್ಕೆ ಕೂತಾಗ ಹೆಂಡತಿ ನೋಡಿದಳು.

‘ಎಂತ ಮಸಿ ಅದು?’

‘ಸಹಿ.’

‘ಯಾರದ್ದು?’

‘ನನ್ನದೇ,’ ಎಂದೆ.

ಅವಳು ಇನ್ನೊಂದು ಸೌಟು ಸಾರು ಬಡಿಸಿದಳು.